ಮನೋವೈದ್ಯ ಗ್ರಂಥಗಳ ಶೋಧನೆಯೂ ವಿಶ್ವವಿದ್ಯಾನಿಲಯದ ಪುಸ್ತಕಭಂಡಾರವೂ

ಗ್ರಂಥವೊಂದು ಪುಸ್ತಕಭಂಡಾರದಲ್ಲಿ ಇರುವುದೇ ಬೇರೆ. ಅದು ಬೇಕಾದವನ ಕೈಗೆ ಬೇಕಾದ ಹೊತ್ತಿನಲ್ಲಿ ದೊರೆಯುವುದೇ ಬೇರೆ. ಈ ಎರಡಕ್ಕೂ ನಡುವಣ ಅಂತರವನ್ನು ದಾಟಿಸುವುದಕ್ಕಾಗಿಯೇ ಗ್ರಂಥಸೂಚಿ, ವರ್ಗೀಕರಣ, ವಾಚಕರ ನಿಬಂಧನೆಗಳು ಮೊದಲಾದ ಸಾಧನಗಳು ಹುಟ್ಟಿದವು. ಈ ಮಾತು ಎಲ್ಲ ಶಾಸ್ತ್ರಗಳಿಗೂ ಸಲ್ಲತಕ್ಕದ್ದಾದರೂ, ಚಿತ್ತರೋಗಗಳ ನಿದಾನ ಚಿಕಿತ್ಸೆಗಳನ್ನು ಹೇಳುವ ಮನೋವೈದ್ಯಶಾಸ್ತ್ರಕ್ಕೆ ವಿಶೇಷವಾಗಿ ಸಲ್ಲುತ್ತದೆ. ಈ ಶಾಸ್ತ್ರದಲ್ಲಿ ರೋಗಗಳ ಹೆಸರುಗಳೇ ತಲೆಮಾರಿನಿಂದ ತಲೆಮಾರಿಗೆ ಮಾರ್ಪಟ್ಟಿವೆ. ಒಂದು ಕಾಲದ ಗ್ರಂಥವು ರೋಗಿಯೆಂದು ಎಣಿಸಿದವನನ್ನು ಮುಂದಿನ ಕಾಲದ ಗ್ರಂಥವು ಆರೋಗ್ಯವಂತನೆಂದು ಬಿಟ್ಟುಬಿಟ್ಟಿದೆ. ಆದುದರಿಂದ ಇಲ್ಲಿ ಹಳೆಯ ಆವೃತ್ತಿಯೆಂಬುದು ಹೊಸದು ಬಂದೊಡನೆ ಕಸವಾಗುವ ವಸ್ತುವಲ್ಲ, ಅದು ಸಾಕ್ಷ್ಯ. ಕಾಗದದ ಪುಸ್ತಕದ ಪಕ್ಕದಲ್ಲಿ, ಹಲವೆಡೆ ಅದರ ಸ್ಥಾನದಲ್ಲಿಯೇ, ಇ-ಪುಸ್ತಕವು ಬಂದು ನಿಂತಿರುವ ಈ ಕಾಲದಲ್ಲಿ ಆ ಸಾಕ್ಷ್ಯದ ಗತಿಯೇನೆಂಬುದು ವಿಚಾರಾರ್ಹವಾದ ಪ್ರಶ್ನೆ. ಅದನ್ನು ತಿಳಿಯಬೇಕಾದರೆ ತುಸು ಹಿಂದಿನಿಂದಲೇ ಹೊರಡಬೇಕಾಗುತ್ತದೆ.

ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಪುಸ್ತಕಭಂಡಾರವನ್ನು ಸರ್ ಥಾಮಸ್ ಬಾಡ್ಲಿ ಎಂಬಾತನು ಪುನರುದ್ಧಾರಮಾಡಿ ೧೬೦೨ರಲ್ಲಿ ವಾಚಕರಿಗೆ ತೆರೆದನು. ಅಲ್ಲಿಯ ದೊಡ್ಡ ಗಾತ್ರದ ಪುಸ್ತಕಗಳನ್ನು ಕಬ್ಬಿಣದ ಸರಪಣಿಗಳಿಂದ ಬೀರುಗಳಿಗೆ ಬಿಗಿದಿದ್ದರು. ವಾಚಕನು ಪುಸ್ತಕದ ಬಳಿಗೆ ಹೋಗಬೇಕಾಗಿತ್ತಲ್ಲದೆ ಪುಸ್ತಕವು ವಾಚಕನ ಮನೆಗೆ ಬರುತ್ತಿರಲಿಲ್ಲ. ಒಳಗೆ ಬರುವವನು ಪುಸ್ತಕಗಳನ್ನು ಕೆಡಿಸುವುದಿಲ್ಲವೆಂದೂ, ಬೆಂಕಿಯನ್ನು ತರುವುದಿಲ್ಲವೆಂದೂ ಪ್ರಮಾಣ ಮಾಡಬೇಕಾಗಿತ್ತು. ೧೬೪೫ರಲ್ಲಿ ಒಂದನೆಯ ಚಾರಲ್ಸ್ ದೊರೆಯು ಒಂದು ಪುಸ್ತಕವನ್ನು ಎರವಲು ಕೇಳಿಕಳುಹಿಸಿದಾಗ ಭಂಡಾರಾಧಿಕಾರಿಯಾದ ಜಾನ್ ರೌಸನು ನಿಬಂಧನೆಗಳನ್ನು ಅವನ ಮುಂದಿರಿಸಿ ಕೊಡಲಾಗದೆಂದನು. ದೊರೆಯು ಅದನ್ನು ಒಪ್ಪಿಕೊಂಡನು. ಕೆಲವು ವರ್ಷಗಳ ಮೇಲೆ, ಆ ದೊರೆಯ ತಲೆಯನ್ನು ತೆಗೆಯಿಸಿದ ಪಕ್ಷದ ನಾಯಕನಾದ ಕ್ರಾಮ್‌ವೆಲ್ಲನಿಗೂ ಅದೇ ಉತ್ತರವು ದೊರೆಯಿತು. ರಾಜಕೀಯವು ಬದಲಾದರೂ ಪುಸ್ತಕದ ನಿಯಮವು ಬದಲಾಗಲಿಲ್ಲವೆಂಬುದು ಗಮನಿಸತಕ್ಕ ಅಂಶ.

ಇದೇ ಊರಿನ ಕ್ರೈಸ್ಟ್ ಚರ್ಚ್ ವಿದ್ಯಾಶಾಲೆಯಲ್ಲಿ ರಾಬರ್ಟ್ ಬರ್ಟನ್ ಎಂಬ ಪಾದ್ರಿಯು ತನ್ನ ಆಯುಷ್ಯದ ಬಹುಭಾಗವನ್ನು ಕಳೆದನು. ಈತನು ವೈದ್ಯನಲ್ಲ, ಆ ವಿದ್ಯಾಶಾಲೆಯ ಪುಸ್ತಕಭಂಡಾರದ ಪಾಲಕನಾಗಿದ್ದನು. ಪುಸ್ತಕಗಳ ನಡುವೆಯೇ ಕುಳಿತು, ನೂರಾರು ಗ್ರಂಥಕರ್ತರ ಮಾತುಗಳನ್ನು ಆಯ್ದು ಹೆಣೆದು, ೧೬೨೧ರಲ್ಲಿ ವಿಷಣ್ಣತೆಯನ್ನು ಕುರಿತ ‘ದಿ ಅನಾಟಮಿ ಆಫ್ ಮೆಲಂಕಲಿ’ ಎಂಬ ಮಹಾಗ್ರಂಥವನ್ನು ಪ್ರಕಟಿಸಿದನು. ೧೬೨೪, ೧೬೨೮, ೧೬೩೨, ೧೬೩೮ — ಹೀಗೆ ಅವನ ಜೀವಿತಕಾಲದಲ್ಲಿಯೇ ಅದು ಮತ್ತೆ ಮತ್ತೆ ಅಚ್ಚಾಗಿ, ಅವನ ತಿದ್ದುಪಡಿಗಳೊಡನೆ ಅವನು ತೀರಿಕೊಂಡ ಮೇಲೆಯೂ ೧೬೫೧ರಲ್ಲಿ ಇನ್ನೊಮ್ಮೆ ಹೊರಬಂದಿತು. ಮನೋರೋಗದ ವಿಷಯದಲ್ಲಿ ಇಂಗ್ಲಿಷಿನಲ್ಲಿ ಹುಟ್ಟಿದ ಪ್ರಸಿದ್ಧ ಗ್ರಂಥವೊಂದು ಆಸ್ಪತ್ರೆಯಿಂದ ಬರದೆ ಪುಸ್ತಕಭಂಡಾರದಿಂದ ಬಂದಿತೆಂಬುದು ಈ ವಿಷಯದ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ. ಬರ್ಟನ್ನನಿಗೆ ಅನುಕೂಲವಾಗಿ ಒದಗಿದ್ದು ಬಾಡ್ಲಿಯ ಭಂಡಾರದ ಗ್ರಂಥಸೂಚಿ. ೧೬೦೫ರಲ್ಲಿ ಥಾಮಸ್ ಜೇಮ್ಸನು ಅಚ್ಚುಹಾಕಿಸಿದ ಮೊದಲನೆಯ ಸೂಚಿಯು ದೇವತಾಶಾಸ್ತ್ರ, ವೈದ್ಯ, ಧರ್ಮಶಾಸ್ತ್ರ ಅಂದರೆ ನ್ಯಾಯ, ಮತ್ತು ಇತರ ಕಲೆಗಳು ಎಂಬ ನಾಲ್ಕು ವಿಭಾಗಗಳನ್ನು ಅನುಸರಿಸಿತ್ತು. ವಿಷಣ್ಣತೆಯ ವಿಚಾರವಾದರೋ ಈ ನಾಲ್ಕರಲ್ಲಿ ಒಂದಕ್ಕೇ ಸೇರಿದ್ದಲ್ಲ: ವೈದ್ಯನು ಅದನ್ನು ಕರಿಯ ಪಿತ್ತದ ವಿಕಾರವೆಂದನು, ಪಾದ್ರಿಯು ಆತ್ಮದ ಸಂಕಟವೆಂದನು, ಕೆಲವರು ಪಿಶಾಚದ ಕಾಟವೆಂದರು. ೧೬೨೦ರ ಸೂಚಿಯು ಗ್ರಂಥಕರ್ತರ ಹೆಸರುಗಳ ಅಕಾರಾದಿಯಲ್ಲಿ ಬಂದುದರಿಂದ ಈ ತೊಡಕು ಸ್ವಲ್ಪಮಟ್ಟಿಗೆ ಕಳೆಯಿತು. ಆದರೆ ಗ್ರಂಥಕರ್ತನ ಹೆಸರು ತಿಳಿಯದೆ ವಿಷಯವೊಂದನ್ನೇ ಬಲ್ಲವನಿಗೆ ಅದರಿಂದ ಪ್ರಯೋಜನವಿರಲಿಲ್ಲ.

ಬಾಡ್ಲಿಯ ಭಂಡಾರದ ವಿಚಾರವಾಗಿ ಇನ್ನೊಂದು ಕಥೆಯು ಪ್ರಕೃತ ವಿಷಯಕ್ಕೆ ಬಹಳ ಹತ್ತಿರವಾದುದು. ೧೬೧೦ರ ಒಪ್ಪಂದದಂತೆ ಲಂಡನ್ ನಗರದ ಮುದ್ರಕರ ಸಂಘವು ತನ್ನಲ್ಲಿ ದಾಖಲಾದ ಹೊಸ ಪುಸ್ತಕಗಳ ಒಂದೊಂದು ಪ್ರತಿಯನ್ನು ಆ ಭಂಡಾರಕ್ಕೆ ಕೊಡಬೇಕಾಗಿತ್ತು. ಷೇಕ್ಸ್‌ಪಿಯರನ ನಾಟಕಗಳ ೧೬೨೩ರ ಮೊದಲ ಸಂಪುಟವು ಹಾಗೆಯೇ ಬಂದು ಸರಪಣಿಗೆ ಸೇರಿತು. ೧೬೬೪ರಲ್ಲಿ ಮೂರನೆಯ ಆವೃತ್ತಿಯು, ಹೆಚ್ಚಿನ ನಾಟಕಗಳೊಡನೆ, ಬಂದಿತು. ಹೊಸದು ಇರುವಾಗ ಹಳೆಯದು ಏತಕ್ಕೆಂದು ಮೊದಲಿನದನ್ನು ಅನಾವಶ್ಯಕವೆಂದೆಣಿಸಿ ಮಾರಿಬಿಟ್ಟರು. ಸುಮಾರು ಇನ್ನೂರನಾಲ್ವತ್ತು ವರ್ಷಗಳ ತರುವಾಯ ಅದೇ ಪ್ರತಿಯು ಒಂದು ಮನೆತನದಲ್ಲಿ ಇರುವುದು ಗೊತ್ತಾಗಿ, ೧೯೦೬ರಲ್ಲಿ ೩,೦೦೦ ಪೌಂಡುಗಳನ್ನು ಚಂದಾ ಎತ್ತಿ ಕೊಟ್ಟು ಅದನ್ನು ಮರಳಿ ಪಡೆಯಬೇಕಾಯಿತು. ಮಾರಿದವರು ಮೂರ್ಖರಾಗಿರಲಿಲ್ಲ; ಇತ್ತೀಚಿನ ಆವೃತ್ತಿಯೇ ಪೂರ್ಣವಾದುದು ಎಂಬ ಸಾಮಾನ್ಯ ನಂಬಿಕೆಯಂತೆ ನಡೆದುಕೊಂಡರು, ಅಷ್ಟೆ. ವೈದ್ಯಗ್ರಂಥಗಳ ವಿಷಯದಲ್ಲಿ ಈ ನಂಬಿಕೆಯು ಇನ್ನೂ ಬಲವಾಗಿದೆ. ಹಳೆಯ ಔಷಧಪ್ರಮಾಣವನ್ನು ನೋಡಿ ಚಿಕಿತ್ಸೆಮಾಡಿದರೆ ರೋಗಿಗೆ ಅಪಾಯವಾದೀತೆಂಬುದು ಸತ್ಯವೇ. ಆದರೂ ಭಂಡಾರದ ಕರ್ತವ್ಯವು ವೈದ್ಯನೊಬ್ಬನಿಗೆ ಮಾತ್ರ ಸಂಬಂಧಪಟ್ಟುದಲ್ಲ.

ಆ ಸರಪಣಿಗಳು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಆಕ್ಸ್‌ಫರ್ಡಿನಲ್ಲಿ ಕಳಚಿದವು. ಫ್ರಾನ್ಸ್ ದೇಶದ ಬಿಸೇತ್ರ್ ಆಸ್ಪತ್ರೆಯಲ್ಲಿ ಪ್ಯುಸ್ಸಾಂ ಎಂಬ ಮೇಲ್ವಿಚಾರಕನು ಹುಚ್ಚರ ಕಾಲಿನ ಸರಪಣಿಗಳನ್ನು ತೆಗೆಯಿಸಿದ್ದು ಆ ಶತಮಾನದ ಕೊನೆಯ ಭಾಗದಲ್ಲಿ. ಇವೆರಡಕ್ಕೂ ಕಾರ್ಯಕಾರಣ ಸಂಬಂಧವನ್ನು ಕಲ್ಪಿಸುವುದು ತಪ್ಪಾದೀತು; ಕಾಲವು ಒಂದೇ ಎಂದಷ್ಟೇ ಹೇಳಬಹುದು. ಪ್ಯುಸ್ಸಾಂನ ಮೇಲಧಿಕಾರಿಯಾಗಿದ್ದ ಪಿನೆಲ್ ವೈದ್ಯನು ತನ್ನ ಗ್ರಂಥವನ್ನು ೧೮೦೧ರಲ್ಲಿ ಪ್ರಕಟಿಸಿದನು. ಸರಪಣಿ ಕಳಚಿದ ಕೀರ್ತಿಯು ಲೋಕದ ಮಾತಿನಲ್ಲಿ ಅವನಿಗೇ ಹೋಯಿತು. ಪುಸ್ತಕ ಬರೆದವನಿಗೆ ಹೆಸರು ನಿಲ್ಲುವುದು ಎಲ್ಲ ದೇಶಗಳಲ್ಲಿಯೂ ಕಂಡುಬರುವ ಪದ್ಧತಿ.

ಶಾಸ್ತ್ರಕ್ಕೆ ಈಗಿರುವ ಹೆಸರನ್ನು ಕೊಟ್ಟವನು ಜರ್ಮನಿಯ ಹಾಲೆ ನಗರದ ಯೋಹಾನ್ ಕ್ರಿಶ್ಚಿಯನ್ ರೈಲ್, ಅದು ೧೮೦೮ರಲ್ಲಿ. ಅಲ್ಲಿಂದ ಮುಂದೆ ರೋಗಗಳ ಹೆಸರುಗಳು ಬದಲಾದ ಬಗೆಯನ್ನು ನೋಡಬೇಕಾದರೆ ಎಮಿಲ್ ಕ್ರೇಪಲೀನನ ಪಠ್ಯಗ್ರಂಥವನ್ನು ಮಾದರಿಯಾಗಿ ಹಿಡಿಯಬಹುದು. ೧೮೮೩ರಲ್ಲಿ ಅದು ಒಂದು ಚಿಕ್ಕ ಕೈಪಿಡಿಯಾಗಿ ಹೊರಟಿತು. ೧೯೦೯ರಿಂದ ೧೯೧೫ರವರೆಗೆ ಬಂದ ಎಂಟನೆಯ ಆವೃತ್ತಿಯಲ್ಲಿ ನಾಲ್ಕು ಸಂಪುಟಗಳಾಗಿ ಬೆಳೆದಿತ್ತು. ನಡುವಣ ೧೮೯೯ರ ಆರನೆಯ ಆವೃತ್ತಿಯಲ್ಲಿ, ಅದುವರೆಗೆ ಬಿಡಿಬಿಡಿಯಾಗಿದ್ದ ಅನೇಕ ಚಿತ್ತವಿಕಾರಗಳನ್ನು ‘ಡಿಮೆನ್ಷಿಯಾ ಪ್ರೀಕಾಕ್ಸ್’ ಎಂದೂ ‘ಉನ್ಮಾದ-ವಿಷಾದ’ ರೋಗವೆಂದೂ ಎರಡು ದೊಡ್ಡ ಕುಲಗಳಾಗಿ ವಿಂಗಡಿಸಿದನು. ಇವುಗಳಲ್ಲಿ ಮೊದಲನೆಯದನ್ನು ಸ್ವಿಟ್ಜರ್ಲೆಂಡಿನ ಬ್ಲಾಯ್ಲರನು ೧೯೦೮ರಲ್ಲಿ ‘ಸ್ಕಿಜೋಫ್ರೇನಿಯ’ ಎಂದು ಕರೆದನು. ಈಗಿನ ವಿದ್ಯಾರ್ಥಿಯು ಈ ಹೊಸ ಹೆಸರನ್ನೇ ಹಿಡಿದು ಸೂಚಿಯಲ್ಲಿ ಹುಡುಕಿದರೆ ೧೯೦೮ಕ್ಕೆ ಹಿಂದಿನ ಗ್ರಂಥವೊಂದೂ ಅವನ ಕಣ್ಣಿಗೆ ಬೀಳದೆ ಹೋಗಬಹುದು. ಹಳೆಯ ಪುಸ್ತಕವನ್ನು ಹುಡುಕುವವನು ಹಳೆಯ ಹೆಸರನ್ನು ಬಲ್ಲವನಾಗಿರಬೇಕು.

ಈ ಕಷ್ಟವನ್ನು ನೀಗುವುದಕ್ಕೆ ಮಾಡಿದ ಪ್ರಯತ್ನಗಳಲ್ಲಿ ಅಮೆರಿಕದ ಜಾನ್ ಷಾ ಬಿಲ್ಲಿಂಗ್ಸನ ಕಾರ್ಯವು ಅಗ್ರಗಣ್ಯವಾದುದು. ಸೈನ್ಯದ ವೈದ್ಯನಾಗಿದ್ದ ಈತನು ವಾಷಿಂಗ್ಟನ್ನಿನಲ್ಲಿ ಸೇನಾವೈದ್ಯಾಧಿಕಾರಿಯ ಕಚೇರಿಯ ಪುಸ್ತಕಭಂಡಾರವನ್ನು ವಹಿಸಿಕೊಂಡು, ೧೮೭೯ರಲ್ಲಿ ‘ಇಂಡೆಕ್ಸ್ ಮೆಡಿಕಸ್’ ಎಂಬ ಮಾಸಿಕ ಸೂಚಿಯನ್ನೂ, ೧೮೮೦ರಿಂದ ೧೮೯೫ರವರೆಗೆ ಹದಿನಾರು ಸಂಪುಟಗಳ ವಿಷಯಸೂಚಿಯ ಮೊದಲ ಮಾಲೆಯನ್ನೂ ಹೊರಡಿಸಿದನು. ಅದರಲ್ಲಿ ಪುಸ್ತಕಗಳು ಮಾತ್ರವಲ್ಲದೆ ಪತ್ರಿಕೆಗಳ ಲೇಖನಗಳೂ ವಿಷಯಾನುಸಾರವಾಗಿ ಸೇರಿದ್ದವು. ಈ ಭಂಡಾರವೇ ಮುಂದೆ ಅಮೆರಿಕದ ರಾಷ್ಟ್ರೀಯ ವೈದ್ಯ ಪುಸ್ತಕಭಂಡಾರವಾಯಿತು. ೧೯೬೦ರಲ್ಲಿ ಅಲ್ಲಿ ‘ಮೆಷ್’ ಎಂಬ ವಿಷಯಪದಗಳ ಕೋಶವು ಸಿದ್ಧವಾಯಿತು. ಗ್ರಂಥಕರ್ತನು ಯಾವ ಮಾತನ್ನೇ ಬಳಸಿದ್ದರೂ ಅದನ್ನು ಗೊತ್ತಾದ ಒಂದೇ ಪದದ ಕೆಳಗೆ ಸೇರಿಸುವುದು ಇದರ ಕ್ರಮ. ಹಿಂದಿನ ಪದಗಳಿಂದ ಹೊಸ ಪದಕ್ಕೆ ದಾರಿಯನ್ನೂ ಅದರಲ್ಲಿ ತೋರಿಸಿರುತ್ತದೆ. ಗಣಕಯಂತ್ರದಲ್ಲಿ ಹುಡುಕುವ ವಾಚಕನು ತನಗೆ ತೋಚಿದ ಮಾತನ್ನು ಬರೆದು ಹುಡುಕುವುದಕ್ಕಿಂತ ಈ ಕೋಶದ ಪದವನ್ನು ಹಿಡಿದು ಹುಡುಕಿದರೆ ಫಲವು ಹೆಚ್ಚು. ಇಂದಿಗೂ ಇದೇ ಉತ್ತಮವಾದ ಮಾರ್ಗ.

ಬೀರುಗಳ ಮೇಲಣ ಕ್ರಮಕ್ಕೂ ಇಂಥದೇ ಚರಿತ್ರೆಯುಂಟು. ಮೆಲ್ವಿಲ್ ಡ್ಯೂಯಿಯು ೧೮೭೬ರಲ್ಲಿ ಹೊರಡಿಸಿದ ದಶಾಂಶ ವರ್ಗೀಕರಣದಲ್ಲಿ ಬುದ್ಧಿವಿಕಾರಗಳಿಗೆ ೧೩೨ ಎಂಬ ಅಂಕವು ಸಿಕ್ಕಿತು. ಅದು ತತ್ತ್ವಶಾಸ್ತ್ರದ ಸಾಲು. ಪಕ್ಕದ ೧೩೩ರಲ್ಲಿ ಭ್ರಾಂತಿ, ಮಾಟ, ಮಂತ್ರಗಳು, ಅದರಾಚೆಗೆ ಸಮ್ಮೋಹನವಿದ್ಯೆ, ಕೊನೆಗೆ ತಲೆಬುರುಡೆಯ ಉಬ್ಬುತಗ್ಗುಗಳಿಂದ ಗುಣವನ್ನು ಹೇಳುವ ವಿದ್ಯೆ. ರೋಗವೆಂದು ಕಾಣುವ ವೈದ್ಯನ ಪುಸ್ತಕಗಳಾದರೋ ಆರುನೂರರ ಸಾಲಿನಲ್ಲಿ, ೬೧೬ರ ಕೆಳಗೆ. ಇಂದಿನ ಕ್ರಮದಲ್ಲಿ ಮನೋರೋಗಗಳಿಗೆ ೬೧೬.೮೯ ಎಂಬ ಸ್ಥಾನವು ಸ್ಥಿರಪಟ್ಟಿದೆ. ಆದರೆ ಹಳೆಯ ಭಂಡಾರಗಳು ತಮ್ಮಲ್ಲಿಯ ಪುಸ್ತಕಗಳಿಗೆಲ್ಲ ಹೊಸ ಅಂಕವನ್ನು ಅಂಟಿಸಿರುವುದು ಅಪರೂಪ. ವೈದ್ಯ ಭಂಡಾರಗಳಲ್ಲಿ ‘ಡಬ್ಲ್ಯು.ಎಂ.’ ಎಂಬ ಅಕ್ಷರಗಳೂ, ಅಮೆರಿಕದ ಕಾಂಗ್ರೆಸ್ ಪುಸ್ತಕಭಂಡಾರದ ಕ್ರಮವನ್ನು ಅನುಸರಿಸುವ ಕಡೆಗಳಲ್ಲಿ ಮನೋವೈದ್ಯಕ್ಕೆ ‘ಆರ್.ಸಿ.’ ಎಂಬುದೂ ಮನಶ್ಶಾಸ್ತ್ರಕ್ಕೆ ‘ಬಿ.ಎಫ್.’ ಎಂಬುದೂ ರೂಢಿಯಲ್ಲಿವೆ. ಒಂದೇ ಮನಸ್ಸನ್ನು ಕುರಿತ ಎರಡು ಶಾಸ್ತ್ರಗಳು ಹೀಗೆ ಬೇರೆಬೇರೆ ಅಂತಸ್ತುಗಳಲ್ಲಿ ವಾಸಮಾಡುತ್ತವೆ. ಮದರಾಸು ವಿಶ್ವವಿದ್ಯಾನಿಲಯದ ಪುಸ್ತಕಪಾಲಕರಾಗಿದ್ದ ಎಸ್. ಆರ್. ರಂಗನಾಥನ್ ಅವರು ೧೯೩೩ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣವು ಈ ದೋಷವನ್ನು ಬುಡದಲ್ಲಿಯೇ ಹಿಡಿಯಿತು: ವಿಷಯವನ್ನು ಒಂದೇ ಗೂಡಿಗೆ ತುರುಕದೆ, ಅದರ ಮುಖಗಳನ್ನು ಬೇರೆಬೇರೆಯಾಗಿ ಗುರುತಿಸಿ ಚಿಹ್ನೆಗಳಿಂದ ಜೋಡಿಸುವುದು ಅದರ ತತ್ತ್ವ. ಪ್ರತಿಯೊಬ್ಬ ವಾಚಕನಿಗೂ ಅವನ ಪುಸ್ತಕವು ಸಿಕ್ಕಬೇಕೆಂಬುದು ಅವರು ೧೯೩೧ರಲ್ಲಿ ವಿಧಿಸಿದ ಐದು ನಿಯಮಗಳಲ್ಲಿ ಎರಡನೆಯದು. ಅವರು ಮುಂದೆ ಬೆಂಗಳೂರಿನಲ್ಲಿ ನೆಲಸಿ ೧೯೬೨ರಲ್ಲಿ ಅಲ್ಲಿಯೇ ದಾಖಲೆಶಾಸ್ತ್ರದ ಸಂಶೋಧನಕೇಂದ್ರವನ್ನು ಸ್ಥಾಪಿಸಿದರು.

ಬೆಂಗಳೂರಿನ ಮಾತು ಬಂದುದರಿಂದ ಕನ್ನಡನಾಡಿನ ಸ್ಥಿತಿಯನ್ನೂ ಇಲ್ಲಿಯೇ ಹೇಳಿಬಿಡಬಹುದು. ಆ ಊರಿನಲ್ಲಿ ಚಿತ್ತರೋಗಿಗಳ ಆಸ್ಪತ್ರೆಯು ೧೮೪೭ರಷ್ಟು ಹಿಂದಿನಿಂದ ಇದ್ದಿತು. ಆಂಗ್ಲ ಕಾಗದಪತ್ರಗಳಲ್ಲಿ ಅದು ‘ಲ್ಯುನಾಟಿಕ್ ಅಸೈಲಂ’. ೧೯೨೫ರಲ್ಲಿ ‘ಮೆಂಟಲ್ ಹಾಸ್ಪಿಟಲ್’ ಎಂದು ಹೆಸರಾಯಿತು. ಜನರ ಬಾಯಲ್ಲಿ ಮಾತ್ರ ಹುಚ್ಚಾಸ್ಪತ್ರೆ. ೧೯೫೪ರಲ್ಲಿ ಅದರ ಪಕ್ಕದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಹುಟ್ಟಿ, ೧೯೭೪ರಲ್ಲಿ ಎರಡೂ ಕೂಡಿ ‘ನಿಮ್ಹಾನ್ಸ್’ ಆದವು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ವಿಭಾಗವು ೧೯೨೪ರಲ್ಲಿಯೇ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮೊದಲಾಗಿತ್ತು. ಮನಸ್ಸಿನ ಶಾಸ್ತ್ರವು ಒಂದು ಊರಿನಲ್ಲಿಯೂ ಮನೋರೋಗದ ವೈದ್ಯವು ಇನ್ನೊಂದು ಊರಿನಲ್ಲಿಯೂ ಹೀಗೆ ಬೆಳೆದವು. ದೇಶದ ಕಾನೂನುಗಳ ಮಾತೂ ಬದಲಾಯಿತು: ೧೯೧೨ರ ಶಾಸನದ ಹೆಸರಿನಲ್ಲಿದ್ದ ‘ಲ್ಯುನಸಿ’ ಎಂಬ ಪದವು ೧೯೮೭ರ ಶಾಸನದ ಹೆಸರಿನಲ್ಲಿಲ್ಲ, ೨೦೧೭ರದು ಮಾನಸಿಕ ಆರೋಗ್ಯಪಾಲನೆಯ ಶಾಸನ. ಇನ್ನು ಚರಕಸಂಹಿತೆಯ ನಿದಾನಸ್ಥಾನದ ಏಳನೆಯ ಅಧ್ಯಾಯದಲ್ಲಿಯೂ ಚಿಕಿತ್ಸಾಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿಯೂ ಹೇಳಿರುವ ಐದು ಬಗೆಯ ಉನ್ಮಾದವನ್ನು ಇಂದಿನ ಯಾವುದೋ ಒಂದು ರೋಗಕ್ಕೆ ಸಮವೆಂದು ಹಿಡಿಯುವುದು ಅವಸರದ ಕೆಲಸ. ಕನ್ನಡ ಪುಸ್ತಕಗಳನ್ನು ಹುಡುಕುವವನಿಗೆ ಮತ್ತೊಂದು ತೊಡಕೂ ಉಂಟು. ಎಷ್ಟೋ ಸೂಚಿಗಳಲ್ಲಿ ಅವುಗಳ ಹೆಸರು ರೋಮನ್ ಲಿಪಿಯಲ್ಲಿ ಮಾತ್ರ ದಾಖಲಾಗಿರುತ್ತದೆ. ಕನ್ನಡ ಲಿಪಿಯಲ್ಲಿ ಬರೆದು ಹುಡುಕಿದವನಿಗೆ ಪುಸ್ತಕವು ಇಲ್ಲವೆಂಬ ಉತ್ತರವು ಬರುತ್ತದೆ. ಪುಸ್ತಕವು ಬೀರುವಿನಲ್ಲಿ ಸುಮ್ಮನೆ ಕುಳಿತಿರುತ್ತದೆ.

ಆವೃತ್ತಿಯ ಬೆಲೆಯನ್ನು ತೋರಿಸುವ ಅತ್ಯಂತ ಸ್ಪಷ್ಟವಾದ ನಿದರ್ಶನವು ಅಮೆರಿಕದ ಮನೋವೈದ್ಯರ ಸಂಘವು ಪ್ರಕಟಿಸುತ್ತ ಬಂದಿರುವ ರೋಗನಿರ್ಣಯದ ಕೈಪಿಡಿ, ಲೋಕದಲ್ಲಿ ‘ಡಿ.ಎಸ್.ಎಂ.’ ಎಂದು ಪ್ರಸಿದ್ಧ. ಇದರ ಮೊದಲ ಆವೃತ್ತಿಯು ೧೯೫೨ರಲ್ಲಿ, ಎರಡನೆಯದು ೧೯೬೮ರಲ್ಲಿ ಹೊರಟವು. ಎರಡೂ ತೆಳುವಾದ ಪುಸ್ತಕಗಳು. ೧೯೮೦ರ ಮೂರನೆಯದರಲ್ಲಿ ೪೯೪ ಪುಟಗಳು. ೨೦೧೩ರ ಐದನೆಯದರಲ್ಲಿ ೯೪೭. ಎರಡನೆಯ ಆವೃತ್ತಿಯಲ್ಲಿ ಸಲಿಂಗಾನುರಾಗವು ೩೦೨.೦ ಎಂಬ ಅಂಕದ ಕೆಳಗೆ ರೋಗವೆಂದು ಗಣಿತವಾಗಿತ್ತು. ಬಹಳ ವಾದವಿವಾದಗಳು ನಡೆದ ಮೇಲೆ ೧೯೭೩ರ ಡಿಸೆಂಬರ್ ೧೫ರಂದು ಸಂಘದ ಆಡಳಿತಮಂಡಲಿಯು ಅದನ್ನು ತೆಗೆದುಹಾಕಲು ತೀರ್ಮಾನಿಸಿತು. ವಿರೋಧಿಗಳು ಸದಸ್ಯರೆಲ್ಲರ ಮತವನ್ನು ಕೇಳಬೇಕೆಂದು ಹಟಹಿಡಿದರು. ೧೯೭೪ರಲ್ಲಿ ಮತವನ್ನು ಎಣಿಸಿದಾಗ ೫,೮೫೪ ಜನರು ತೀರ್ಮಾನದ ಪರವಾಗಿಯೂ ೩,೮೧೦ ಜನರು ವಿರೋಧವಾಗಿಯೂ ಇದ್ದರು. ಒಂದು ಸ್ಥಿತಿಯು ರೋಗವೇ ಅಲ್ಲವೇ ಎಂಬುದನ್ನು ಮತಗಳ ಎಣಿಕೆಯಿಂದ ಗೊತ್ತುಮಾಡಿದುದನ್ನು ಕುರಿತು ಅಂದಿನಿಂದ ಟೀಕೆಗಳು ನಡೆದೇ ಇವೆ. ಆದರೆ ಅದನ್ನು ಮೊದಲು ರೋಗಗಳ ಪಟ್ಟಿಗೆ ಸೇರಿಸಿದಾಗ ಪ್ರಮಾಣವೇನಿತ್ತೆಂದು ಕೇಳುವವರು ಅಷ್ಟು ಮಂದಿ ಇರಲಿಲ್ಲ.

ಪುಸ್ತಕಭಂಡಾರದ ದೃಷ್ಟಿಯಿಂದ ನೋಡತಕ್ಕ ಅಂಶವು ಇದರ ಮುಂದಿನದು. ಈ ಮಾರ್ಪಾಟಿಗಾಗಿ ಸಂಘವು ಹೊಸ ಆವೃತ್ತಿಯನ್ನು ಹೊರಡಿಸಲಿಲ್ಲ. ೧೯೭೪ರಲ್ಲಿ ಎರಡನೆಯ ಆವೃತ್ತಿಯ ಏಳನೆಯ ಮುದ್ರಣವನ್ನು ಅಚ್ಚುಹಾಕಿದಾಗ ಅದೇ ಅಂಕದ ಮುಂದೆ ಹಳೆಯ ಹೆಸರನ್ನು ತೆಗೆದು, ತನ್ನ ಪ್ರವೃತ್ತಿಯಿಂದ ತಾನೇ ಸಂಕಟಪಡುವವರಿಗೆ ಮಾತ್ರ ಅನ್ವಯಿಸುವ ಬೇರೊಂದು ಹೆಸರನ್ನು ಸೇರಿಸಿತು. ರಟ್ಟಿನ ಮೇಲೆ ಅದೇ ಹೆಸರು, ಅದೇ ‘ಎರಡನೆಯ ಆವೃತ್ತಿ’. ಮೊದಲ ಮುದ್ರಣದ ಪ್ರತಿಯನ್ನು ಓದಿದವನಿಗೆ ಒಬ್ಬ ಮನುಷ್ಯನು ರೋಗಿ. ಏಳನೆಯ ಮುದ್ರಣವನ್ನು ಓದಿದವನಿಗೆ ಅದೇ ಮನುಷ್ಯನು ರೋಗಿಯಲ್ಲ. ಆ ಹೆಸರಿನ ಮೇಲೆ ಕೆಲಸವನ್ನು ಕಳೆದುಕೊಂಡವರೂ, ಆಸ್ಪತ್ರೆಗಳಲ್ಲಿ ಬಲಾತ್ಕಾರದ ಚಿಕಿತ್ಸೆಗೆ ಗುರಿಯಾದವರೂ ಇದ್ದರಾದುದರಿಂದ ಇದು ಬರಿಯ ಪಾಠಾಂತರದ ವಿಚಾರವಲ್ಲ. ಹಳಗನ್ನಡ ಕಾವ್ಯಗಳನ್ನು ಸಂಪಾದಿಸುವ ವಿದ್ವಾಂಸರು ಓಲೆಯ ಪ್ರತಿಗಳಲ್ಲಿ ಒಂದಕ್ಷರದ ವ್ಯತ್ಯಾಸವನ್ನೂ ಗುರುತುಹಾಕಿಕೊಳ್ಳುತ್ತಾರೆ. ಇಂಥ ಪುಸ್ತಕಕ್ಕೂ ಅಷ್ಟೇ ಎಚ್ಚರವು ಬೇಕಾಗಿದೆ. ಕಾಗದದ ಭಂಡಾರದಲ್ಲಿ ಹಳೆಯ ಮುದ್ರಣದ ಪ್ರತಿಯು, ಯಾರೂ ಬಯಸಿ ಉಳಿಸಿದ್ದಲ್ಲವಾದರೂ, ಬೀರುವಿನಲ್ಲಿ ಉಳಿಯಿತು. ಹೊಸ ಮುದ್ರಣವು ಬಂದುದರಿಂದ ಹಳೆಯದು ಅಳಿಯಲಿಲ್ಲ. ಎರಡನ್ನೂ ಎದುರುಬದುರಾಗಿಟ್ಟು ಆ ಪುಟವನ್ನು ನೋಡುವುದು ಇಂದಿಗೂ ಸಾಧ್ಯವಾಗಿರುವುದು ಈ ಆಲಸ್ಯದ ಪುಣ್ಯದಿಂದ.

ಇ-ಪುಸ್ತಕದ ಸ್ವಭಾವವು ಬೇರೆ. ೧೯೭೧ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಮೈಕೇಲ್ ಹಾರ್ಟ್ ಎಂಬ ವಿದ್ಯಾರ್ಥಿಯು ಗಣಕಯಂತ್ರದೊಳಕ್ಕೆ ಪಠ್ಯಗಳನ್ನು ಸೇರಿಸತೊಡಗಿ ‘ಗುಟೆನ್‌ಬರ್ಗ್’ ಯೋಜನೆಯನ್ನು ಆರಂಭಿಸಿದಾಗ ಅವನ ಉದ್ದೇಶವು ಎಲ್ಲರಿಗೂ ಬಿಟ್ಟಿಯಾಗಿ ಹಂಚುವುದಾಗಿತ್ತು. ಬರ್ಟನ್ನನ ಗ್ರಂಥವೂ ಇಂದು ಅದರಲ್ಲಿ ಸೇರಿದೆ. ವಿಶ್ವವಿದ್ಯಾನಿಲಯಗಳಿಗೆ ಹೊಸ ಪುಸ್ತಕಗಳನ್ನು ಈ ರೂಪದಲ್ಲಿ ಒದಗಿಸುವ ವ್ಯಾಪಾರವು ಬೇರೆ ದಾರಿಯನ್ನು ಹಿಡಿಯಿತು. ೧೯೯೮ರಲ್ಲಿ ಕೊಲರಾಡೊ ಪ್ರಾಂತದಲ್ಲಿ ಹುಟ್ಟಿದ ‘ನೆಟ್‌ಲೈಬ್ರರಿ’ ಎಂಬ ಸಂಸ್ಥೆಯ ಕ್ರಮದಲ್ಲಿ ಒಂದು ಪ್ರತಿಯನ್ನು ಒಂದು ಸಲಕ್ಕೆ ಒಬ್ಬನೇ ಓದಬಹುದಾಗಿತ್ತು. ಅವನು ಮುಗಿಸುವವರೆಗೆ ಇನ್ನೊಬ್ಬನು ಕಾಯಬೇಕಾಗಿತ್ತು. ಸಾವಿರ ಜನರು ಒಮ್ಮೆಗೇ ಓದಿದರೂ ಸವೆಯದ ವಸ್ತುವಿಗೆ ಇದೊಂದು ಹೊಸ ಸರಪಣಿ. ಬಳಿಕ ಮೂವರಿಗೆ, ಎಷ್ಟು ಜನರಿಗಾದರೂ, ಎಂದು ಬೇರೆಬೇರೆ ಬೆಲೆಯ ಕ್ರಮಗಳು ಬಂದವು. ಇಷ್ಟೇ ಪುಟಗಳನ್ನು ಅಚ್ಚುತೆಗೆಯಬಹುದು, ಇಷ್ಟೇ ದಿನ ಇಟ್ಟುಕೊಳ್ಳಬಹುದು ಎಂಬ ಮಿತಿಗಳೂ ಇವೆ. ವಾಚಕನು ವಿಶ್ವವಿದ್ಯಾನಿಲಯದ ಆವರಣದೊಳಗಿದ್ದರೆ ಅಲ್ಲಿಯ ಜಾಲದ ಅಂಕದಿಂದಲೇ ಅವನ ಗುರುತು ಸಿಕ್ಕುತ್ತದೆ. ಹೊರಗಿದ್ದರೆ ಹೆಸರು ಮತ್ತು ಪಾಸ್‌ವರ್ಡನ್ನು ಕೊಟ್ಟು, ಮಧ್ಯವರ್ತಿಯಾದ ಒಂದು ಗಣಕದ ಮೂಲಕ ಹೋಗಬೇಕು. ವ್ಯಾಸಂಗವು ಮುಗಿದ ದಿನ ಆ ಬಾಗಿಲು ಮುಚ್ಚುತ್ತದೆ. ಜಿಲ್ಲೆಯ ಆಸ್ಪತ್ರೆಗೆ ಕೆಲಸಕ್ಕೆ ಹೋದ ತರುಣ ವೈದ್ಯನಿಗೆ, ಪುಸ್ತಕವು ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದಾಗಲೇ ಅದು ಇಲ್ಲವಾಗುತ್ತದೆ.

ಇದರ ಮೂಲವು ಕಾನೂನಿನಲ್ಲಿದೆ. ೧೯೦೮ರಲ್ಲಿ ಅಮೆರಿಕದ ಶ್ರೇಷ್ಠ ನ್ಯಾಯಸ್ಥಾನದ ಮುಂದೆ ಒಂದು ಕಾದಂಬರಿಯ ವ್ಯಾಜ್ಯವು ಬಂದಿತು. ಒಂದು ಡಾಲರಿಗಿಂತ ಕಡಮೆಗೆ ಮಾರಕೂಡದೆಂದು ಪ್ರಕಾಶಕರು ಪುಸ್ತಕದೊಳಗೇ ಅಚ್ಚುಮಾಡಿದ್ದರೂ ಅಂಗಡಿಯವರು ಅದನ್ನು ೮೯ ಸೆಂಟಿಗೆ ಮಾರಿದ್ದರು. ಒಮ್ಮೆ ಮಾರಿದ ಪ್ರತಿಯ ಮೇಲೆ ಪ್ರಕಾಶಕನ ಹಿಡಿತವು ನಿಲ್ಲುವುದಿಲ್ಲವೆಂದು ತೀರ್ಪಾಯಿತು. ಭಂಡಾರಗಳು ಕೊಂಡ ಪುಸ್ತಕವನ್ನು ಯಾರ ಅಪ್ಪಣೆಯೂ ಇಲ್ಲದೆ ಎರವಲು ಕೊಡುವುದಕ್ಕೆ ಈ ತತ್ತ್ವವೇ ಆಧಾರ. ಇ-ಪುಸ್ತಕವನ್ನಾದರೋ ಸಾಮಾನ್ಯವಾಗಿ ಮಾರುವುದಿಲ್ಲ. ಕರಾರಿನ ಮೇಲೆ ಓದಲು ಅನುಮತಿಯನ್ನು ಮಾತ್ರ ಕೊಡುತ್ತಾರೆ. ಚಂದಾ ನಿಂತರೆ ಪುಸ್ತಕವೂ ನಿಂತಿತು. ಪಠ್ಯವು ಪ್ರಕಾಶಕನ ಗಣಕದಲ್ಲಿಯೇ ಇರುವುದರಿಂದ ಅದನ್ನು ತಿದ್ದುವುದೂ ತೆಗೆಯುವುದೂ ಅವನ ಕೈಯಲ್ಲಿದೆ. ೨೦೦೯ರ ಜುಲೈ ತಿಂಗಳಲ್ಲಿ ಅಮೆಜಾನ್ ಸಂಸ್ಥೆಯು ಹಕ್ಕಿನ ತಕರಾರಿನಿಂದಾಗಿ ಆರ್ವೆಲ್ಲನ ಎರಡು ಪುಸ್ತಕಗಳನ್ನು ಕೊಂಡವರ ಕೈಯಲ್ಲಿದ್ದ ಕಿಂಡಲ್ ಯಂತ್ರಗಳಿಂದಲೇ ಅಳಿಸಿ, ಆಮೇಲೆ ಕ್ಷಮೆ ಕೇಳಿದ್ದು ಎಲ್ಲರಿಗೂ ತಿಳಿದ ಸಂಗತಿ. ಮನೋವೈದ್ಯದ ಪಠ್ಯಗ್ರಂಥಗಳಲ್ಲಿ ಇಂಥ ಸದ್ದಿಲ್ಲ. ಹೊಸ ಆವೃತ್ತಿಯು ಬಂದಾಗ ಚಂದಾದಾರರ ಕೊಂಡಿಯು ಹೊಸದಕ್ಕೆ ತಿರುಗುತ್ತದೆ; ಸಣ್ಣ ತಿದ್ದುಪಡಿಗಳು ಪಠ್ಯದೊಳಗೇ ಸೇರಿಹೋಗುತ್ತವೆ. ಹಳೆಯ ಆವೃತ್ತಿಗಳ ಚಿತ್ರಪ್ರತಿಗಳನ್ನು ಉಳಿಸಿಕೊಡುವ ಪ್ರಕಾಶಕರೂ ಇದ್ದಾರೆಂಬುದನ್ನು ಇಲ್ಲಿ ಹೇಳತಕ್ಕದ್ದು ನ್ಯಾಯ. ಆದರೆ ೧೯೭೪ರ ಏಳನೆಯ ಮುದ್ರಣದಂಥದು ಈ ರೂಪದಲ್ಲಿ ನಡೆದರೆ, ಆರನೆಯ ಮುದ್ರಣವನ್ನು ಎದುರಿಗಿಟ್ಟು ತೋರಿಸುವ ಭಾರವು ಮಾರುವವನ ಸೌಜನ್ಯದ ಮೇಲೆ ನಿಲ್ಲುತ್ತದೆ.

ಭಾರತದಲ್ಲಿ ಈ ವಿಷಯವು ನ್ಯಾಯಕ್ಕೂ ಸಂಬಂಧಪಟ್ಟುದು. ೨೦೧೭ರ ಶಾಸನದ ಮೂರನೆಯ ಪ್ರಕರಣದಂತೆ ಮಾನಸಿಕ ರೋಗವನ್ನು ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಇತ್ತೀಚಿನ ಆವೃತ್ತಿಯೇ ಮೊದಲಾದ, ಸರ್ಕಾರವು ಗೊತ್ತುಪಡಿಸಿದ ಪ್ರಮಾಣಗಳಿಂದ ನಿರ್ಣಯಿಸತಕ್ಕದ್ದು. ಇಂದಿನ ರೋಗಿಗೆ ಇತ್ತೀಚಿನ ಆವೃತ್ತಿಯು ಸರಿ. ಆದರೆ ಮೂವತ್ತು ವರ್ಷಗಳ ಹಿಂದೆ ಬರೆದ ಮರಣಶಾಸನವೊಂದನ್ನು ಬರೆದವನ ಬುದ್ಧಿಸ್ಥಿತಿಯ ಮೇಲೆ ಪ್ರಶ್ನಿಸಿದಾಗ, ಅಂದಿನ ವೈದ್ಯನು ಬರೆದಿಟ್ಟ ರೋಗದ ಹೆಸರಿಗೆ ಅಂದಿನ ಪುಸ್ತಕದಲ್ಲಿ ಏನು ಅರ್ಥವಿತ್ತೆಂಬುದನ್ನು ತಿಳಿಯದೆ ನಿರ್ಣಯಕ್ಕೆ ಬರುವುದು ಕಷ್ಟ.

ಒದಗಿಸುವ ಕಾರ್ಯವಂತೂ ಬಹಳಷ್ಟು ನಡೆದಿದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯವು ೨೦೦೩ರಲ್ಲಿ ‘ಹೆಲಿನೆಟ್’ ಎಂಬ ಕೂಟವನ್ನು ಕಟ್ಟಿ ಕರ್ನಾಟಕದ ವೈದ್ಯ ಕಾಲೇಜುಗಳಿಗೆ ಒಟ್ಟಾಗಿ ಚಂದಾಮಾಡುವ ಏರ್ಪಾಟನ್ನು ನಡೆಸಿತು. ೨೦೨೪ರ ನವೆಂಬರ್ ೨೫ರಂದು ಕೇಂದ್ರ ಸಂಪುಟವು ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಮೂರು ವರ್ಷಗಳ ಅವಧಿಗೆ ೬,೦೦೦ ಕೋಟಿ ರೂಪಾಯಿಗಳು ಗೊತ್ತಾಗಿ, ೩೦ ಪ್ರಕಾಶಕರ ಸುಮಾರು ೧೩,೦೦೦ ಪತ್ರಿಕೆಗಳು ೬,೩೦೦ ಸಂಸ್ಥೆಗಳಿಗೆ ಸಿಕ್ಕುವಂತಾಯಿತು. ಆದರೆ ಅದು ಪತ್ರಿಕೆಗಳ ಏರ್ಪಾಟು, ಪುಸ್ತಕಗಳದಲ್ಲ. ಪುಸ್ತಕವು ಬೇಕಾದವನು ತನ್ನ ವಿಶ್ವವಿದ್ಯಾನಿಲಯದ ಸೂಚಿಯನ್ನು ಮೊದಲು ನೋಡಿ, ಅಲ್ಲಿಲ್ಲದಿದ್ದರೆ ಮುಕ್ತ ಭಂಡಾರಗಳಿಗೆ ಹೋಗುವುದು ಒಳ್ಳೆಯದು. ಅಮೆರಿಕದ ರಾಷ್ಟ್ರೀಯ ವೈದ್ಯ ಭಂಡಾರವು ೧೯೯೯ರಿಂದ ‘ಬುಕ್‌ಷೆಲ್ಫ್’ ಎಂಬ ಹೆಸರಿನಲ್ಲಿ ವೈದ್ಯಗ್ರಂಥಗಳನ್ನು ಬಿಟ್ಟಿಯಾಗಿ ತೆರೆದಿಟ್ಟಿದೆ. ೨೦೦೮ರಲ್ಲಿ ಆರಂಭವಾದ ‘ಹಾತಿಟ್ರಸ್ಟ್’ ಭಂಡಾರದಲ್ಲಿ ಹಕ್ಕುಸ್ವಾಮ್ಯವು ತೀರಿದ ಗ್ರಂಥಗಳನ್ನು ಪೂರ್ತಿಯಾಗಿ ಓದಬಹುದು. ತೀರದವುಗಳಲ್ಲಿಯೂ ಬೇಕಾದ ಪದವು ಯಾವ ಪುಟದಲ್ಲಿದೆಯೆಂಬುದನ್ನು ತಿಳಿಯಬಹುದು. ಹಳೆಯ ರೋಗನಾಮಗಳ ಜಾಡನ್ನು ಹಿಡಿಯುವವರಿಗೆ ಇದರಷ್ಟು ಉಪಕಾರವಾದುದು ಬೇರೆ ಕಡಮೆ. ಕೊಂಡ ಪುಸ್ತಕಗಳ ಚಿತ್ರಪ್ರತಿಯನ್ನು, ಒಂದು ಪ್ರತಿಗೆ ಒಬ್ಬ ವಾಚಕನೆಂಬ ಲೆಕ್ಕದಲ್ಲಿ ಎರವಲು ಕೊಡುವೆವೆಂದ ‘ಇಂಟರ್‌ನೆಟ್ ಆರ್ಕೈವ್’ ಸಂಸ್ಥೆಯ ಮೇಲೆ ಪ್ರಕಾಶಕರು ೨೦೨೦ರಲ್ಲಿ ಹೂಡಿದ ದಾವೆಯು ೨೦೨೩ರಲ್ಲಿಯೂ ಮೇಲ್ಮನವಿಯಲ್ಲಿ ೨೦೨೪ರಲ್ಲಿಯೂ ಪ್ರಕಾಶಕರ ಪರವಾಗಿ ತೀರ್ಮಾನವಾಗಿ, ಸುಮಾರು ಐದು ಲಕ್ಷ ಪುಸ್ತಕಗಳು ಆ ಎರವಲಿನಿಂದ ಹೊರಗಾದವು.

ವಿದ್ಯುತ್ತಿನ ರೂಪವೇ ಸಾಕ್ಷ್ಯವನ್ನು ಅಳಿಸುವುದೆಂದು ತಿಳಿಯುವುದು ಮಾತ್ರ ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣವು ೧೯೯೦ರಲ್ಲಿ ಅಂಗೀಕೃತವಾದ ಹತ್ತನೆಯ ಆವೃತ್ತಿಯಲ್ಲಿ ಸಲಿಂಗಾನುರಾಗವನ್ನು ರೋಗಗಳ ಸಾಲಿನಿಂದ ಕೈಬಿಟ್ಟಿತು. ೨೦೧೯ರ ಮೇ ತಿಂಗಳಲ್ಲಿ ಅಂಗೀಕೃತವಾಗಿ ೨೦೨೨ರ ಜನವರಿ ೧ರಿಂದ ಜಾರಿಗೆ ಬಂದ ಹನ್ನೊಂದನೆಯ ಆವೃತ್ತಿಯು ಗಣಕಯಂತ್ರದಲ್ಲಿ ಓದುವುದಕ್ಕೆಂದೇ ರಚಿತವಾದುದು. ಅದನ್ನು ಓದಲು ಚಂದಾ ಬೇಕಾಗಿಲ್ಲ. ಮನೋರೋಗಗಳ ವಿವರಣೆಯ ಅದರ ಗ್ರಂಥವೂ ೨೦೨೪ರಲ್ಲಿ ಹಾಗೆಯೇ ಬಿಟ್ಟಿಯಾಗಿ ಹೊರಬಂದಿತು. ವರ್ಗೀಕರಣದ ಪಠ್ಯವು ಕಾಲಕಾಲಕ್ಕೆ ತಿದ್ದುಪಡಿಯಾಗುತ್ತದೆ. ಹಾಗೆ ತಿದ್ದಿದ ಪ್ರತಿಯೊಂದು ಪಾಠಕ್ಕೂ ವರ್ಷ ತಿಂಗಳುಗಳ ಗುರುತನ್ನು ಹಾಕಿ, ಹಿಂದಿನ ಪಾಠಗಳನ್ನೂ ವಾಚಕನು ತೆರೆದು ನೋಡುವಂತೆ ಅಲ್ಲಿಯೇ ಇರಿಸಿದ್ದಾರೆ.